ಎಡಗಣ್ಣಿನ ಮೇಲಿನ ಸುಳಿ

ಹಸುವಿನ ಚಿತ್ರ ಬರೆದು ತಂದ ಯಾವ ಹುಡುಗನಿಗೂ ನಮ್ಮ ಡ್ರಾಯಿಂಗ್ ಮೇಷ್ಟ್ರು ಚೆನ್ನಾಗಿದೆ ಎಂದಾಗಲಿ, ಚೆನ್ನಾಗಿಲ್ಲ ಎಂದಾಗಲಿ ಹೇಳಿದ್ದನ್ನು ನಾನು ಕೇಳಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಯಾರ ಮನೇದು?"

ಹುಡುಗ ತಬ್ಬಿಬ್ಬಾಗಿ "ಹಸು ಸಾ" ಎನ್ನುತ್ತಿದ್ದ. ಹಸು ಅನ್ನೋದು ನನಗೂ ಕಾಣುತ್ತೆ, ನಿಮ್ಮ ಮನೇದೋ ಪಕ್ಕದ ಮನೇದೋ ಅದನ್ನು ಹೇಳು ಎಂದು ಇವರು. ಗೋಡೆಯ ಚಾರ್ಟು ನೋಡಿ ಬರೆದ ಹಸುವಿಗೆ ಮನೆ ಎಲ್ಲಿಂದ ಬರಬೇಕು? ಹಾಳೆ ವಾಪಸ್ಸು. ಮರುದಿನ ಆ ಹುಡುಗ ನಿಜವಾಗಿ ಕೊಟ್ಟಿಗೆಯಲ್ಲಿ ಕೂತು, ಒಂದು ಕೊಂಬು ಮುಂದಕ್ಕೆ ಬಾಗಿದ, ಮೂಗಿನ ಮೇಲೆ ಗಾಯದ ಗುರುತಿದ್ದ ಹಸುವನ್ನು ಬರೆದು ತಂದರೆ ಆಗ ಮುಖ ಅರಳುತ್ತಿತ್ತು.

ಅವರು ತೀರಿಕೊಂಡಾಗ ಶಾಲೆಯಲ್ಲಿ ಸಂತಾಪ ಸಭೆ ಮಾಡಿದರು. ಅವರೊಂದಿಗೆ ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ಓಡಾಡಿದವಳು ಎಂದು ನನ್ನನ್ನೂ ಮಾತಾಡಲು ಎಬ್ಬಿಸಿದರು. ನಾನು ಆ ಶಾಲೆಯ ಗುಮಾಸ್ತೆ. ಕಡತ ಕೊಟ್ಟರೆ ಎಷ್ಟು ಬೇಕಾದರೂ ಬರೆದೇನು, ನಾಲ್ಕು ಜನರೆದುರು ನಿಂತರೆ ಕೈಕಾಲು ತಣ್ಣಗಾಗುತ್ತವೆ. ಹುಟ್ಟಿದಾಗಿನಿಂದ ಪುಕ್ಕಲು ಜೀವ. ಮಾತಾಡಬೇಕಾದ ಕಡೆ ಬಾಯಿ ಕಟ್ಟುತ್ತದೆ, ಸುಮ್ಮನಿರಬೇಕಾದ ಕಡೆ ತಾನಾಗಿ ತೆರೆದುಕೊಳ್ಳುತ್ತದೆ. ಅವತ್ತು ಎರಡು ಮಾತು ತೊದಲಿ ಕೂತುಬಿಟ್ಟೆ. ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯಿತು. ಅದನ್ನೇ ಈಗ ಬರೆಯುತ್ತಿದ್ದೇನೆ.

ನಾವಿಬ್ಬರೂ ನಂಜನಗೂಡಿನವರು, ಶಾಲೆ ತಿ. ನರಸೀಪುರದಲ್ಲಿ. ತೊಂಬತ್ತರ ದಶಕದ ಮೊದಲಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅವರಿಗೆ ಆಗಲೇ ಐವತ್ತರ ಹತ್ತಿರ. ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಅವರದು. ತೊಡೆಯ ಮೇಲೆ ಚೀಲ, ಚೀಲದ ಮೇಲೆ ರಟ್ಟು, ರಟ್ಟಿನ ಮೇಲೆ ಹಾಳೆ. ಕಿಟಕಿಯಾಚೆ ಕಂಡ ಎಮ್ಮೆ, ಹಂದಿ, ನಾಯಿ ಎಲ್ಲವೂ ಆ ಹಾಳೆಗೆ ಬರಲೇಬೇಕು. ಜನರನ್ನು ಬರೆಯುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, ಜನ ಬರೆಸಿಕೊಳ್ಳುವಾಗ ಮುಖ ಬದಲಾಯಿಸಿಕೊಳ್ಳುತ್ತಾರೆ, ಎಮ್ಮೆ ಬದಲಾಯಿಸಿಕೊಳ್ಳುವುದಿಲ್ಲ ಎಂದರು.

ಅವರ ಜೊತೆ ಪ್ರಯಾಣ ಮಾಡುವುದೆಂದರೆ ನನಗೆ ದಿನವೂ ಎದೆ ಡವಡವ. ಒಂದು ದಿನ ದಾರಿಯಲ್ಲಿ ಬಸ್ಸು ನಿಂತಾಗ, ಬೇಲಿಯ ಪಕ್ಕ ನಿಂತಿದ್ದ ಒಂದು ಮುದಿ ಕತ್ತೆಯನ್ನು ನೋಡಿ ಇಳಿದೇಬಿಟ್ಟರು. ಹಾಜರಿ ಪುಸ್ತಕ ನನ್ನ ಮೇಜಿನ ಮೇಲಿರುತ್ತಿತ್ತು. ಹತ್ತೂವರೆಗೆ ಹೆಡ್‌ಮಾಸ್ಟರು ಬಂದು ಕೆಂಪು ಶಾಯಿಯಲ್ಲಿ ಗೀಟು ಹಾಕುವವರು. ನಾನು ಕಿಟಕಿಯಿಂದ ಅಂಗಲಾಚಿದೆ. ಅವರು ರಸ್ತೆಯಲ್ಲೇ ನಿಂತು, "ಹೆಡ್‌ಮಾಸ್ಟ್ರು ಕಾಯ್ತಾರೆ ಕಣಮ್ಮ, ಕತ್ತೆ ಕಾಯಲ್ಲ" ಎಂದರು. ಆ ಮಾತು ಬಸ್ಸಿನಲ್ಲಿದ್ದ ಅಷ್ಟೂ ಜನಕ್ಕೆ ಕೇಳಿಸಿತು. ಯಾರಾದರೂ ಹೋಗಿ ಹೆಡ್‌ಮಾಸ್ಟರಿಗೆ ಹೇಳಿಬಿಟ್ಟರೆ ಎಂದು ವಾರಪೂರ್ತಿ ನನಗೆ ಅನ್ನ ಸೇರಲಿಲ್ಲ. ಅವರು ನಿಶ್ಚಿಂತೆಯಾಗಿದ್ದರು. ಅವರ ಪಾಲಿನ ಚಿಂತೆಯನ್ನೂ ನಾನೇ ಮಾಡುತ್ತಿದ್ದೆ.

ಶಾಲೆಯಲ್ಲಿ ಮೆಟ್ಟಿಲ ಕೆಳಗಿನ ಒಂದು ಗೂಡಿನಂಥ ಕೋಣೆ ಅವರದು. ಒಳಗೆ ಕಾಲಿಟ್ಟರೆ ಮುದ್ರಣದ ಶಾಯಿಯ ವಾಸನೆ. ನೆಲಕ್ಕೆ ಹಾಸುವ ಲಿನೋಲಿಯಂ ಚೂರುಗಳನ್ನು ಮೈಸೂರಿನಿಂದ ಹುಡುಕಿ ತರುತ್ತಿದ್ದರು. ಮುರಿದ ಕೊಡೆಯ ಕಡ್ಡಿಯನ್ನು ಮಸೆದು ಉಳಿ ಮಾಡಿಕೊಂಡು ಅದರ ಮೇಲೆ ಚಿತ್ರ ಕೊರೆಯುವುದು, ಶಾಯಿ ಸವರಿ, ಗಾಳಿಪಟಕ್ಕೆ ಹಾಕುವಂಥ ತೆಳು ಬಿಳಿ ಕಾಗದ ಹೊದಿಸಿ, ಚಮಚದ ಬೆನ್ನಿನಿಂದ ಉಜ್ಜುವುದು. ಕಾಗದ ಎತ್ತಿದರೆ ಎಮ್ಮೆಯ ಮುಖ. ಅಂಚಿನಲ್ಲಿ ಒಂದು ಬೆರಳಿನ ಗುರುತು ಬಿದ್ದಿದ್ದರೂ ಆ ಕಾಗದ ಪರಪರ ಹರಿದು ಬುಟ್ಟಿಗೆ ಹೋಗುತ್ತಿತ್ತು. ಎಷ್ಟೇ ಚೆನ್ನಾಗಿರಲಿ, ಅಂಚು ಗಲೀಜಾದರೆ ಮುಗಿಯಿತು.

ಆ ಕೋಣೆಯ ಗೋಡೆಯಲ್ಲಿ ಎರಡು ಹಳೆಯ ಪಟಗಳಿದ್ದವು. ಒಂದು, ಯಾವುದೋ ಕ್ಯಾಲೆಂಡರಿನಿಂದ ಕತ್ತರಿಸಿದ ಘೇಂಡಾಮೃಗ. ಮೈಮೇಲೆ ಕಬ್ಬಿಣದ ಕವಚ ತೊಡಿಸಿದ ಹಾಗೆ ಫಲಕಗಳು, ಬೆನ್ನ ಮೇಲೆ ಇರಬಾರದ ಇನ್ನೊಂದು ಸಣ್ಣ ಕೊಂಬು. ಐನೂರು ವರ್ಷದ ಹಿಂದೆ ದೂರದ ದೇಶದ ಒಬ್ಬ ಚಿತ್ರಗಾರ ಘೇಂಡಾಮೃಗವನ್ನು ಕಣ್ಣಿಂದ ನೋಡದೆ, ಯಾರೋ ಬರೆದ ಕಾಗದ ಓದಿ, ಒಂದು ಗೀಚುಚಿತ್ರ ನೋಡಿ ಮರದಲ್ಲಿ ಕೊರೆಸಿದ್ದಂತೆ. ಆಮೇಲೆ ಇನ್ನೂರು ಮುನ್ನೂರು ವರ್ಷ ಜನ ಅದನ್ನೇ ನಿಜವಾದ ಘೇಂಡಾಮೃಗ ಅಂತ ನಂಬಿದರಂತೆ. ನೋಡದೆ ಬರೆದರೆ ಸಹಿಸದ ಇವರು ಆ ಪಟವನ್ನು ಯಾಕೆ ಇಟ್ಟುಕೊಂಡಿದ್ದರೋ. ಕೇಳಿದರೆ ನಗುತ್ತಿದ್ದರು. "ಸುಳ್ಳೇ ಕಣಮ್ಮ. ಆದ್ರೆ ಎಷ್ಟು ಅಕ್ಕರೆಯಿಂದ ಹೇಳಿರೋ ಸುಳ್ಳು ನೋಡು."

ಇನ್ನೊಂದು, ಮೈಸೂರಿನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿದ ಮರದಚ್ಚಿನ ಬಿಡಿ ಹಾಳೆ. ಅರಮನೆಯ ದನದ ಪಡೆಯ ಒಂದು ಹೋರಿ, ತೊಡೆಯ ಮೇಲೆ ಕಾಸಿದ ಬರೆಯ ಅಕ್ಷರ. ಅದನ್ನು ತೋರಿಸಿ ಪ್ರತಿ ವರ್ಷ ಒಂಬತ್ತನೇ ತರಗತಿಗೆ ಅದೇ ಪಾಠ. ಅಚ್ಚಿನಲ್ಲಿ ಎಲ್ಲವೂ ತಿರುಗಿ ಬರುತ್ತದೆ. ಎಡಗಡೆ ಕೊರೆದದ್ದು ಬಲಗಡೆ ಬೀಳುತ್ತದೆ. ಈ ಹೋರಿಯ ಮೇಲಿನ ಅಕ್ಷರ ನೆಟ್ಟಗೆ ಓದಲು ಬರುತ್ತಿದೆ ಎಂದರೆ, ಕೊರೆದವನು ಮೊದಲೇ ಹೋರಿಯನ್ನೂ ಅಕ್ಷರವನ್ನೂ ತಿರುಗಿಸಿ ಕೊರೆದಿದ್ದಾನೆ. ಅಷ್ಟು ಎಚ್ಚರ ಇಲ್ಲದವನು ಉಳಿ ಮುಟ್ಟಬಾರದು. ಇದನ್ನು ಹೇಳುವಾಗ ಅವರ ದನಿ ಗಡುಸಾಗುತ್ತಿತ್ತು. ಪ್ರತಿಯೊಬ್ಬರೂ ಚಿತ್ರದ ಬಲಮೂಲೆಯಲ್ಲಿ ತಮ್ಮ ಹೆಸರಿನ ಮೊದಲಕ್ಷರ ಕೊರೆಯಬೇಕು, ಅದು ಅಚ್ಚಿನಲ್ಲಿ ನೆಟ್ಟಗೆ ಬರಬೇಕು. ಇದು ಕಡ್ಡಾಯ.

ಅವರಲ್ಲಿ ಒಂದು ನಿರ್ದಯೆಯೂ ಇತ್ತು, ಮುಚ್ಚಿಡುವುದಿಲ್ಲ. ಒಂದು ವರ್ಷ ಒಬ್ಬ ಹುಡುಗ ತನ್ನ ನಾಯಿಯ ಮುಖ ಕೊರೆದಿದ್ದ. ಆ ಮುಖ ನೋಡಿದರೆ ನನ್ನಂಥವಳಿಗೂ ಅದು ಬಾಲ ಅಲ್ಲಾಡಿಸುತ್ತಿದೆ ಎಂದು ಗೊತ್ತಾಗುತ್ತಿತ್ತು. ಜಿಲ್ಲಾ ಮಟ್ಟದ ಸ್ಪರ್ಧೆಗೆ ಕಳಿಸಬೇಕೆಂದು ನಾನು ಲಕೋಟೆಗೆ ವಿಳಾಸ ಬರೆದೂ ಆಗಿತ್ತು. ಆದರೆ ಆ ಹುಡುಗ ಮೂಲೆಯ ಅಕ್ಷರವನ್ನು ತಿರುಗಿಸಲು ಮರೆತಿದ್ದ, ಅದು ಹಿಂದುಮುಂದಾಗಿ ಅಚ್ಚಾಗಿತ್ತು. ಮೇಷ್ಟ್ರು ತರಗತಿಯೆದುರು ಅವನ ಕೈಗೆ ಕನ್ನಡಿ ಕೊಟ್ಟು, ನಿನ್ನ ಹೆಸರು ನೀನೇ ಓದಿಕೋ ಎಂದರು. ಎಲ್ಲರೂ ನಕ್ಕರು. ಚಿತ್ರ ಸ್ಪರ್ಧೆಗೆ ಹೋಗಲಿಲ್ಲ. ಆ ಹುಡುಗ ಮತ್ತೆ ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ಅವತ್ತು ಬಸ್ಸಿನಲ್ಲಿ ನಾನು, ಅಷ್ಟು ಮಾಡಬಾರದಿತ್ತು ಸಾರ್ ಎಂದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು.

ನಮ್ಮ ಶಾಲೆಯ ಆಯಾ ಚಿಕ್ಕತಾಯಮ್ಮ ಹೆಮ್ಮಿಗೆಯವಳು. ಅವಳ ಗಂಡ ಒಂಟೆತ್ತಿನ ಗಾಡಿ ಹೊಡೆಯುತ್ತಿದ್ದ. ಎತ್ತು ಕರು ಆಗಿದ್ದಾಗಲೇ ಅವನು ಆರಿಸಿ ತಂದು ಸಾಕಿದ್ದು. ಅದಕ್ಕೆ ಎಡಗಣ್ಣಿನ ಮೇಲೊಂದು ಕೂದಲ ಸುಳಿ. ಬಲಗಡೆಯಿದ್ದರೆ ಮನೆ ಬೆಳಗುವ ಸುಳಿ, ಎಡಗಡೆಯಿದ್ದರೆ ಯಜಮಾನನನ್ನು ತಿನ್ನುವ ಸುಳಿ ಎಂದು ಅವರ ಊರಿನ ನಂಬಿಕೆ. ಅವನು ಅದಕ್ಕೆ ಕಿವಿಗೊಟ್ಟಿರಲಿಲ್ಲ. ಮಗಳು ಹುಟ್ಟಿದ ವರ್ಷವೇ ಜ್ವರ ಬಂದು ವಾರದಲ್ಲಿ ಹೋಗಿಬಿಟ್ಟ. ಆಮೇಲೆ ಕೇಳಬೇಕೆ? ಮೈದುನನಿಂದ ಹಿಡಿದು ನೀರಿಗೆ ಬಂದ ಹೆಂಗಸರವರೆಗೆ ಎಲ್ಲರೂ ಎತ್ತಿನ ಕಡೆ ಬೆರಳು ತೋರಿಸಿದರು. ಮಾರಿಬಿಡು ಎಂದರು. ಚಿಕ್ಕತಾಯಮ್ಮ ಮಾರಲಿಲ್ಲ. ಅವನು ದಿನಾ ಮೈ ಉಜ್ಜುತ್ತಿದ್ದ ಎತ್ತನ್ನು ಇನ್ನೊಬ್ಬರ ಕೈಗೆ ಹೇಗೆ ಕೊಡಲಿ ಎಂದು ನನ್ನ ಮೇಜಿನ ಪಕ್ಕ ಕೂತು ಒಮ್ಮೆ ಅತ್ತಳು.

ಮೇಷ್ಟ್ರು ಎರಡು ಭಾನುವಾರ ಹೆಮ್ಮಿಗೆಗೆ ಹೋಗಿ ಎತ್ತಿನೆದುರು ಕೂತು ಬರೆದುಕೊಂಡು ಬಂದರು. ತಿಂಗಳ ನಂತರ ಅಚ್ಚು ಹಾಕಿದ ಪಟವನ್ನು ಅವಳಿಗೆ ಕೊಟ್ಟರು. ಎದುರಿನಿಂದ ನೋಡಿದ ಮುಖ, ತುದಿ ಮುರಿದ ಒಂದು ಕೊಂಬು, ಹರಿದ ಒಂದು ಕಿವಿ, ಕಣ್ಣಿನ ಮೇಲೆ ಸುಳಿ. ಒಂದೇ ಪ್ರತಿ ತೆಗೆದರು. ಲಿನೋಲಿಯಂ ಸಿಗುವುದು ಕಷ್ಟವಾದ್ದರಿಂದ ಆ ಅಚ್ಚನ್ನೇ ಕತ್ತರಿಸಿ ಎರಡು ಕೋಳಿ ಕೊರೆದರು. ಚಿಕ್ಕತಾಯಮ್ಮ ಪಟವನ್ನು ಪಾಲಿಥೀನ್ ಕವರಿಗೆ ಹಾಕಿ ಗೋಡೆಗೆ ನೇತುಹಾಕಿಕೊಂಡಳು.

ಅದಾಗಿ ವರ್ಷದೊಳಗೆ ಎತ್ತು ಕಳುವಾಯಿತು.

ಊರಿನವರು ಯಾರೂ ಹುಡುಕಲು ಹೊರಡಲಿಲ್ಲ. ಪೀಡೆ ತೊಲಗಿತು ಬಿಡು ಎಂದು ಮೈದುನ ಹೇಳಿದನಂತೆ. ಹದಿನೈದು ದಿನದ ಮೇಲೆ ಸುದ್ದಿ ಬಂತು, ನಂಜನಗೂಡಿನ ಕಡೆಯ ಒಬ್ಬ ರೈತನ ಹತ್ತಿರ ಅಂಥದೇ ಎತ್ತು ಇದೆ ಎಂದು. ಚಿಕ್ಕತಾಯಮ್ಮ ಹೋಗಿ ನೋಡಿ, ತನ್ನದೇ ಎಂದು ಪೊಲೀಸು ಠಾಣೆಗೆ ದೂರು ಕೊಟ್ಟಳು. ಯಾವ ಠಾಣೆ ಎಂದು ನಾನು ಬರೆಯುವುದಿಲ್ಲ, ಇವತ್ತಿಗೂ ನನಗೆ ಭಯ. ಎತ್ತನ್ನು ತಂದು ಠಾಣೆಯ ಬೇವಿನ ಮರಕ್ಕೆ ಕಟ್ಟಿದರು. ಆ ರೈತನೂ ಕಳ್ಳನಲ್ಲ. ಸಂತೆಯಲ್ಲಿ ಕೊಂಡದ್ದಕ್ಕೆ ಅವನ ಹತ್ತಿರ ಚೀಟಿ ಇತ್ತು. ಇವಳ ಹತ್ತಿರ ಏನಿದೆ? ಸಾಕ್ಷಿ ಹೇಳಲು ಊರಿನಿಂದ ಒಬ್ಬರೂ ಬರಲೊಲ್ಲರು. ಸಬ್‌ಇನ್‌ಸ್ಪೆಕ್ಟರು ಯಾವುದಾದರೂ ಆಧಾರ ತರಲು ಹೇಳಿ ಕಳಿಸಿದರು.

ಆಗ ಬಾಯಿಬಿಟ್ಟವಳು ನಾನು. "ಅಯ್ಯೋ, ಪಟ ಇದೆಯಲ್ಲ!" ಎಂದೆ. ಚಿಕ್ಕತಾಯಮ್ಮ ಯಾಕೋ ಹಿಂದೆಮುಂದೆ ನೋಡಿದಳು, ಪಟ ಬ್ಯಾಡಿ ಅಮ್ಮಾರೆ ಎಂದಳು. ಪೊಲೀಸರ ಕೈಗೆ ಕೊಡಲು ಹೆದರುತ್ತಾಳೆ ಎಂದುಕೊಂಡು ನಾನೇ ಧೈರ್ಯ ಹೇಳಿದೆ. ನನ್ನ ಜನ್ಮದಲ್ಲಿ ಇನ್ನೊಬ್ಬರಿಗೆ ಧೈರ್ಯ ಹೇಳಿದ್ದು ಅದೊಂದೇ ಸಲ. ಶನಿವಾರ ಶಾಲೆ ಬಿಟ್ಟ ಮೇಲೆ ಅವಳನ್ನು ಕರೆದುಕೊಂಡು, ಪಟವನ್ನು ಕವರಿನಿಂದ ತೆಗೆದು ಪತ್ರಿಕೆಯಲ್ಲಿ ಸುತ್ತಿಕೊಂಡು ಠಾಣೆಗೆ ಹೋದೆ.

ಸಬ್‌ಇನ್‌ಸ್ಪೆಕ್ಟರು ದನ ಸಾಕುವ ಮನೆತನದವರು. ಪಟವನ್ನು ಹಿಡಿದುಕೊಂಡು ಬೇವಿನ ಮರದ ಹತ್ತಿರ ಹೋದರು. ಎತ್ತಿನ ಮುಖ ನೋಡಿದರು, ಪಟ ನೋಡಿದರು, ಮತ್ತೆ ಎತ್ತನ್ನು ನೋಡಿದರು. ಪಟದಲ್ಲಿ ಸುಳಿ ಬಲಗಣ್ಣಿನ ಮೇಲಿದೆ, ಇದಕ್ಕೆ ಎಡಗಣ್ಣಿನ ಮೇಲೆ. ಪಟದಲ್ಲಿ ಎಡಕೊಂಬು ಮುರಿದಿದೆ, ಇದರದು ಬಲಕೊಂಬು. ಕಿವಿಯೂ ಅಷ್ಟೇ.

"ನೀವೇ ತಂದು ಕೊಟ್ರಲ್ಲ ಮೇಡಂ, ಈ ಎತ್ತು ಅವಳ್ದಲ್ಲ ಅನ್ನೋಕೆ ಆಧಾರ" ಎಂದರು.

ನನ್ನ ಜೀವ ಬಾಯಿಗೆ ಬಂತು. ಆಧಾರ ಇಲ್ಲದೆ ಹೋಗಿದ್ದರೂ ಪರವಾಗಿರಲಿಲ್ಲ. ಈಗ ವಿರುದ್ಧವಾದ ಆಧಾರವನ್ನು ಕೈಯಾರೆ ಕೊಟ್ಟಿದ್ದೆ. ಭಾನುವಾರ ಹತ್ತು ಗಂಟೆಯೊಳಗೆ ಬೇರೇನಾದರೂ ತರದಿದ್ದರೆ ಎತ್ತನ್ನು ಆ ರೈತನಿಗೆ ಬಿಟ್ಟುಕೊಡುವುದಾಗಿ ಹೇಳಿದರು. ಎತ್ತು ಚಿಕ್ಕತಾಯಮ್ಮನ ಸೆರಗಿಗೆ ಮೂಗು ತಾಗಿಸುತ್ತಿತ್ತು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ನೇರ ಮೇಷ್ಟ್ರ ಮನೆಗೆ ಹೋದೆವು. ಅವರು ಜಗಲಿಯಲ್ಲಿ ಕೂತು ಕೊಡೆಕಡ್ಡಿ ಮಸೆಯುತ್ತಿದ್ದರು. ನಾನು ಅಳುತ್ತಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಚಿಕ್ಕತಾಯಮ್ಮನ ಕಡೆ ಒಂದು ಸಲ ನೋಡಿ, ಬೆಳಿಗ್ಗೆ ಬರುತ್ತೇನೆ ಎಂದರು. ಅಷ್ಟೇ. ಇಷ್ಟು ಎಚ್ಚರದ ಮನುಷ್ಯರ ಕೈಯಲ್ಲಿ ಎಡಬಲ ಹೇಗೆ ತಪ್ಪಿತು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಚಿಕ್ಕತಾಯಮ್ಮ ನಮ್ಮ ಮನೆಯಲ್ಲೇ ಉಳಿದಳು. ಊಟ ಮುಟ್ಟಲಿಲ್ಲ.

ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಬಂದರು. ಠಾಣೆಯ ಬಾಗಿಲಲ್ಲಿ ಒಂದು ಕ್ಷಣ ತಡೆದು ನಿಂತರು. ಒಳಗೆ ಮೇಜಿನ ಹಿಂದೆ ಹೇಳಿಕೆ ಬರೆದುಕೊಳ್ಳಲು ಕೂತಿದ್ದ ಕಾನ್‌ಸ್ಟೇಬಲ್ ಎದ್ದು ನಿಂತು ಸೆಲ್ಯೂಟ್ ಹೊಡೆದ. ಹಿಂದಿನ ದಿನ ಅವನು ಇರಲಿಲ್ಲ. ನಾನು ಮೀಸೆಯ ಹಿಂದಿನ ಮುಖವನ್ನು ಗುರುತಿಸಿದೆ. ಕನ್ನಡಿ ಹಿಡಿದು ತರಗತಿಯೆದುರು ನಿಂತಿದ್ದ ಅದೇ ಹುಡುಗ. ದೇವರೇ, ಇವತ್ತೇ ಇವನು ಇಲ್ಲಿರಬೇಕೇ ಎಂದುಕೊಂಡೆ. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಬೇಕೆ?

ಮೇಷ್ಟ್ರು ಪಟವನ್ನು ತೆಗೆದುಕೊಂಡು ಬೆನ್ನು ಮುಂದಾಗಿ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದರು. ತೆಳು ಕಾಗದದ ಹಿಂಬದಿಯಿಂದ ಎತ್ತಿನ ಮುಖ ಕಂಡಿತು. ಸುಳಿ ಎಡಗಣ್ಣಿನ ಮೇಲೆ, ಮುರಿದದ್ದು ಬಲಕೊಂಬು, ಹರಿದ ಕಿವಿಯೂ ಅದರದೇ ಜಾಗದಲ್ಲಿ. ಕಿಟಕಿಯಾಚೆ ಬೇವಿನ ಮರದಡಿ ನಿಜವಾದ ಎತ್ತು ನಿಂತಿತ್ತು. ಎಲ್ಲರೂ ಒಮ್ಮೆ ಕಾಗದ ನೋಡುವುದು, ಒಮ್ಮೆ ಆಚೆ ನೋಡುವುದು.

ಮೊದಲು ಮಾತಾಡಿದವನು ಎತ್ತು ಕೊಂಡಿದ್ದ ರೈತ. ಬಹಳ ಹೊತ್ತು ನೋಡಿ, ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. "ಇದೇಯ ಕಣ್ ಸಾ. ಆ ಕಣ್ಣು ನೋಡಿ, ನಾನ್ ಮೇವು ಆಕಕ್ಕೋದಾಗ ಇಂಗೇ ನೋಡ್ತಿತ್ತು" ಎಂದ. ತನಗೆ ಮಾರಿದವನನ್ನು ಹಿಡಿದು ತರುತ್ತೇನೆ ಎಂದು ಸಂಕಟದಿಂದ ಹೇಳಿದ. ಅವನಿಗೆ ಕೈಮುಗಿಯಬೇಕೆನಿಸಿತು ನನಗೆ.

ಆದರೆ ಸಬ್‌ಇನ್‌ಸ್ಪೆಕ್ಟರು ಅಷ್ಟಕ್ಕೇ ಬಿಡಲಿಲ್ಲ. ಎಡಸುಳಿಯ ಎತ್ತಿಗೆ ಸಂತೆಯಲ್ಲಿ ಬೆಲೆ ಬರುವುದಿಲ್ಲ ಎಂಬುದು ಅವರಿಗೂ ಗೊತ್ತು. ಹಾಗಾದರೆ ಪಟದಲ್ಲಿ ಸುಳಿ ಬಲಕ್ಕೆ ಯಾಕೆ ಬಂತು? ಒಳ್ಳೆ ಸುಳಿ ಎಂದು ಪಟ ತೋರಿಸಿ ದೂರದವರಿಗೆ ಮೋಸ ಮಾಡಿ ಮಾರಲು ಈ ಹೆಂಗಸೇ ಬರೆಸಿದ್ದಾಳೋ ಏನೋ. ಮಾರಿದ್ದು ಇವಳೇ ಇರಬಹುದು, ಈಗ ಕಳುವಾಯಿತು ಎನ್ನುತ್ತಿರಬಹುದು. ಎತ್ತು ಸಿಗುವ ಹೊತ್ತಿಗೆ ಇವಳೇ ಅಪರಾಧಿಯಾಗುವ ಹಾಗಾಯಿತಲ್ಲ.

"ಹೇಳಿ ಮೇಷ್ಟ್ರೇ. ಸುಳಿ ಈ ಕಡೆ ಇರ್ಲಿ ಅಂತ ಅವಳು ಕೇಳಿದ್ಲಾ?"

ಚಿಕ್ಕತಾಯಮ್ಮ ಮುಂದೆ ಬಂದು "ಸಾ, ಅದು ಏನಾಯ್ತು ಅಂದ್ರೆ" ಎಂದು ಶುರುಮಾಡಿದಳು. ಮೇಷ್ಟ್ರು ಅವಳ ಕಡೆ ತಿರುಗದೆಯೇ, "ನೀನು ಸುಮ್ನಿರಮ್ಮ" ಎಂದು ಗದರಿದರು. ಆಮೇಲೆ ಸಬ್‌ಇನ್‌ಸ್ಪೆಕ್ಟರಿಗೆ ಹೇಳಿದರು:

"ಯಾರೂ ಕೇಳಲಿಲ್ಲ. ಅಚ್ಚು ತಿರುಗಿ ಬರುತ್ತೆ ಅನ್ನೋದು ಮರೆತು ಕೊರೆದೆ. ನನ್ನ ತಪ್ಪು."

ಬರೆದುಕೊಡಿ ಎಂದರು ಸಬ್‌ಇನ್‌ಸ್ಪೆಕ್ಟರು. ಮೇಷ್ಟ್ರು ಹೇಳುತ್ತಾ ಹೋದರು, ಹಳೆಯ ಶಿಷ್ಯ ಬರೆದುಕೊಳ್ಳುತ್ತಾ ಹೋದ. ಇಷ್ಟು ವರ್ಷದಿಂದ ಚಿತ್ರಕಲಾ ಶಿಕ್ಷಕನಾಗಿದ್ದರೂ, ಎಡಬಲದ ಎಚ್ಚರ ತಪ್ಪಿ, ಸದರಿ ಎತ್ತಿನ ಚಿತ್ರವನ್ನು ತಿರುಗಿಸದೆ ಕೊರೆದಿರುತ್ತೇನೆ. ಅವರ ದನಿ ಒಂದು ಸಲವೂ ಅಳುಕಲಿಲ್ಲ. ನಾನು ನೆಲ ನೋಡುತ್ತಿದ್ದೆ. ಯಾವ ತಪ್ಪಿಗಾಗಿ ಅವನನ್ನು ಅಷ್ಟು ಜನರ ಮುಂದೆ ನಗೆಪಾಟಲು ಮಾಡಿದ್ದರೋ ಆ ತಪ್ಪನ್ನು ಅವನ ಕೈಯಲ್ಲೇ ಬರೆಸಿ, ಕೆಳಗೆ ಸಹಿ ಹಾಕಿದರು. ಚಿಕ್ಕತಾಯಮ್ಮ ಹೆಬ್ಬೆಟ್ಟು ಒತ್ತಿದಳು. ಸಬ್‌ಇನ್‌ಸ್ಪೆಕ್ಟರು ಪಟವನ್ನು ಇನ್ನೊಮ್ಮೆ ಕೊಡು ಎಂದು ಕೈಚಾಚಿದರು. ಕಾನ್‌ಸ್ಟೇಬಲ್ ಮೇಜಿನ ಮೇಲಿದ್ದ ಅದನ್ನು ಎತ್ತಿ, ಮೂಲೆ ಹಿಡಿದು ಅವರ ಮುಂದೆ ಚಾಚಿದ. ಅವರು ಮೇಲಿಂದ ಕೆಳಗೆ ನೋಡಿ, ಸರಿ, ಎತ್ತು ಬಿಚ್ಚಿಕೊಂಡು ಹೋಗಿ ಎಂದರು.

ಪಟ ಕೈಗೆ ಬಂದಾಗ ಅದರ ಬಲಮೂಲೆಯಲ್ಲಿ ನೇರಳೆ ಶಾಯಿಯ ದೊಡ್ಡ ಕಲೆ. ಚಿಕ್ಕತಾಯಮ್ಮನ ಹೆಬ್ಬೆಟ್ಟಿಗೆ ಶಾಯಿ ಮೆತ್ತಿದ ಕೈಯಲ್ಲೇ ಆ ಕಾನ್‌ಸ್ಟೇಬಲ್ ಪಟ ಮುಟ್ಟಿದ್ದ. ಬೇಕೆಂದೇ ಗಲೀಜು ಮಾಡಿದ, ಹಳೇ ಸಿಟ್ಟು ತೀರಿಸಿಕೊಂಡ ಎಂದು ನನಗೆ ಮೈಯೆಲ್ಲ ಉರಿಯಿತು. ಮೇಷ್ಟ್ರು ಆ ಕಲೆಯನ್ನು ಬಹಳ ಹೊತ್ತು ನೋಡಿದರು. ಬೆರಳ ಗುರುತು ಬಿದ್ದರೆ ಹರಿದು ಎಸೆಯುತ್ತಿದ್ದವರು ಪಟವನ್ನು ಹಾಗೇ ಚಿಕ್ಕತಾಯಮ್ಮನಿಗೆ ಕೊಟ್ಟರು. ದಾರಿಯಲ್ಲಿ ಒಂದೇ ಮಾತು ಕೇಳಿದರು: "ಆ ಹುಡುಗ ಈಗ್ಲೂ ಚಿತ್ರ ಬರೀತಾನೇನಮ್ಮ?"

ಆ ಹೇಳಿಕೆ ಕಡತದಲ್ಲಿದೆ, ಕೋರ್ಟಿನಿಂದ ಯಾವಾಗ ಸಮನ್ಸ್ ಬರುತ್ತದೋ ಎಂದು ನಾನು ವರ್ಷಗಟ್ಟಲೆ ಹೆದರಿಕೊಂಡಿದ್ದೆ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದೆ. ಸಮನ್ಸ್ ಬರಲಿಲ್ಲ. ಸುದ್ದಿ ಮಾತ್ರ ಶಾಲೆಗೆ ಬಂತು. ಡ್ರಾಯಿಂಗ್ ಮೇಷ್ಟ್ರಿಗೇ ಎಡ ಬಲ ತಿಳಿಯಲಿಲ್ಲವಂತೆ ಎಂದು ಸ್ಟಾಫ್ ರೂಮಿನಲ್ಲಿ ಸಿಕ್ಕಾಪಟ್ಟೆ ಹಾಸ್ಯ. ಊಟದ ಡಬ್ಬಿಯನ್ನು ಎಡಗೈಯಲ್ಲಿ ಹಿಡಿದರೆ, ಅದು ಬಲಗೈ ಸಾರ್ ಎನ್ನುವವರು. ಅವರು ತಾವೂ ನಗುತ್ತಿದ್ದರು. ಆಮೇಲೆ ಹುಡುಗರ ಅಕ್ಷರ ತಿರುಗಿ ಅಚ್ಚಾದರೆ ಅವರು ಕನ್ನಡಿ ತೆಗೆಯಲಿಲ್ಲ. ಚಿತ್ರ ಚೆನ್ನಾಗಿದ್ದರೆ ಹಾಗೇ ಸ್ಪರ್ಧೆಗೆ ಕಳಿಸುತ್ತಿದ್ದರು. ವಯಸ್ಸಾಯಿತು, ಮೆತ್ತಗಾದರು ಎಂದುಕೊಂಡೆ. ಆಮೇಲೆ ನಿವೃತ್ತರಾದರು. ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಬೇರೆ ಯಾರಾದರೂ ಕೂತರೆ ನನಗೆ ಸಂಕಟವಾಗುತ್ತಿತ್ತು.

ಅವರ ಹನ್ನೊಂದನೆಯ ದಿನದ ಕಾರ್ಯಕ್ಕೆ ಆ ಕಾನ್‌ಸ್ಟೇಬಲ್ಲೂ ಬಂದಿದ್ದ. ಈಗ ಹೆಡ್ ಕಾನ್‌ಸ್ಟೇಬಲ್, ಮೀಸೆ ನರೆತಿತ್ತು. ನಾನು ಮುಖ ತಿರುಗಿಸಿಕೊಂಡೆ. ಊಟವಾದ ಮೇಲೆ ಅವನೇ ಹತ್ತಿರ ಬಂದ. ಇಷ್ಟು ವರ್ಷದ ಸಿಟ್ಟು ತಡೆಯದೆ ಕೇಳಿಯೇಬಿಟ್ಟೆ, ಪಟ ಯಾಕಪ್ಪಾ ಹಾಳು ಮಾಡಿದೆ ಎಂದು. ಅವನು ಸುತ್ತ ನೋಡಿ ದನಿ ತಗ್ಗಿಸಿದ.

"ಮೇಡಂ, ಮೂಲೇಲಿ ಸಾರ್‌ದು ಅಕ್ಷರ ಇತ್ತಲ್ಲ, ಅದು ನೆಟ್ಟಗಿತ್ತು. ಮರೆತು ಕೊರೆದವರು ಅಕ್ಷರಾನೂ ಮರೀಬೇಕಲ್ವಾ? ನನಗೆ ಮರೆತು ಹೋಗಿತ್ತಲ್ಲ, ಹಂಗೆ. ಸಾಹೇಬ್ರು ಇನ್ನೊಂದ್ಸಲ ಪಟ ಕೇಳಿದಾಗ ಅದು ಕಂಡ್ಬಿಟ್ರೆ ಅಂತ ಹೆಬ್ಬೆಟ್ಟು ಒತ್ತಿದೆ."

ಅಂದರೆ ಮೇಷ್ಟ್ರು ಮರೆತಿರಲಿಲ್ಲ. ಬೇಕೆಂದೇ ಎತ್ತನ್ನು ತಿರುಗಿಸದೆ ಕೊರೆದಿದ್ದರು, ಅಭ್ಯಾಸಬಲದಿಂದ ಅಕ್ಷರವನ್ನು ಮಾತ್ರ ತಿರುಗಿಸಿದ್ದರು. ಆ ಕಲೆಯನ್ನು ಅಷ್ಟು ಹೊತ್ತು ನೋಡಿದರಲ್ಲ, ಅವರಿಗೆ ಆಗಲೇ ತಿಳಿದಿತ್ತು. ತಿಳಿಯದೆ ಉಳಿದವಳು ನಾನೊಬ್ಬಳೇ.

ಮುಂದಿನ ಭಾನುವಾರ ಹೆಮ್ಮಿಗೆಗೆ ಹೋದೆ. ಎತ್ತು ವಯಸ್ಸಾಗಿ ಸತ್ತು ಆಗಲೇ ಒಂಬತ್ತು ಹತ್ತು ವರ್ಷವಾಗಿತ್ತು. ಚಿಕ್ಕತಾಯಮ್ಮ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಹೌದು ಅಮ್ಮಾರೆ, ಕೇಳಿದ್ದು ನಾನೇ ಎಂದಳು. ಮೊದಲು ಕೇಳಿದಾಗ ಮೇಷ್ಟ್ರು ಬಯ್ದರಂತೆ, ಇರುವುದನ್ನು ಇರುವ ಹಾಗೆ ಬರೆಯುತ್ತೇನೆ, ಇಲ್ಲದಿದ್ದರೆ ಬರೆಯುವುದೇ ಇಲ್ಲ ಎಂದು. ಆಗ ಇವಳು ಹೇಳಿದಳಂತೆ: "ಎತ್ತು ಇನ್ನೆಷ್ಟ್ ವರ್ಸ ಇದ್ದಾತು ಸಾ? ಪಟ ಉಳೀತದೆ. ನಮ್ಮಪ್ಪನ್ನ ತಿಂದಿದ್ದು ಇದೇಯ ಅಂತ ನನ್ ಮಗ ನೋಡ್ಬಾರ್ದು." ಮಗ ಎಂದರೆ ಅವಳ ಮಗಳು. ಮೇಷ್ಟ್ರು ಆಮೇಲೆ ಚೀಲ ತೆಗೆದುಕೊಂಡು ಎದ್ದು ಹೋದರಂತೆ. ಠಾಣೆಯಲ್ಲಿ ನಿಜ ಹೇಳಿಬಿಡೋಣ ಎಂದು ಬಾಯಿ ತೆಗೆದರೆ ಗದರಿದರು, ಆಮೇಲೂ ಯಾರಿಗೂ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡರು ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಒಳಗೆ ಬಂದರೆ ಅವಳ ಮಗಳು ಕಾಫಿ ಮಾಡಿಟ್ಟಿದ್ದಳು. ಹದಿಮೂರು ಹದಿನಾಲ್ಕರ ಹುಡುಗಿ. ಗೋಡೆಯ ಮೇಲೆ ಅಪ್ಪನ ಫೋಟೋ, ಅದರ ಪಕ್ಕದಲ್ಲಿ ಪಟ. ಪಾಲಿಥೀನ್ ಮಾಸಿತ್ತು, ಮೂಲೆಯ ಹೆಬ್ಬೆಟ್ಟು ಮಾತ್ರ ಅಚ್ಚಳಿಯದೆ ಇತ್ತು. ಅದರ ಗೆರೆಗಳ ಕೆಳಗೆ ಹತ್ತಿರದಿಂದ ನೋಡಿದರೆ ಅಕ್ಷರ, ನೆಟ್ಟಗೆ. ಏನಾದರೂ ಮಾತಾಡಬೇಕಲ್ಲ ಎಂದು, ಮೇಷ್ಟ್ರ ಪ್ರಶ್ನೆಯೇ ಬಾಯಿಗೆ ಬಂದು, "ಇದು ಯಾರ ಮನೇದಮ್ಮ?" ಎಂದೆ.

"ನಮ್ಮನೇದೇ ಮೇಡಂ" ಎಂದಳು ಹುಡುಗಿ ಹೆಮ್ಮೆಯಿಂದ. "ನಮ್ಮಪ್ಪ ಆರ್ಸಿ ತಂದಿದ್ದಂತೆ. ಬಲಗಡೆ ಸುಳಿ ನೋಡಿ. ಊರಲ್ಲಿ ಎಡಗಡೆ ಇತ್ತು ಅಂತಾರೆ. ನಾನಾಗ ಚಿಕ್ಕೋಳು, ನಂಗ್ ಸರಿಯಾಗಿ ನೆಪ್ಪಿಲ್ಲ. ನೀವು ನೋಡಿದ್ರಾ?"

ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಬಾಯಿಯ ಮೇಲೆ ನನಗೇ ನಂಬಿಕೆ ಇಲ್ಲ, ಅವಳಿಗೆ ಹೇಗಿದ್ದೀತು? ಕಾಫಿ ಲೋಟ ಕೆಳಗಿಟ್ಟೆ.

"ನೋಡಿದೀನಿ ಕಣಮ್ಮ" ಎಂದೆ. "ಠಾಣೆ ಮುಂದೆ ಬೇವಿನ ಮರದ ಕೆಳಗೆ, ಹತ್ತಿರದಿಂದಲೇ ನೋಡಿದೀನಿ. ಬಲಗಡೆಯೇ ಇತ್ತು."